ಬಾಮೈದನ ಕೋಟು, ಹನ್ನೆರಡು ಕುಂಬಳಕಾಯಿ

ಕುಂಬಳಕಾಯಿ ಕೊಳೆತದ್ದು ವರ್ನ್‌ನ ತಪ್ಪಲ್ಲ. ಅದು ಹೀಟರಿನ ತಪ್ಪು! ಈ ಮಾತನ್ನು ಅವನು ಅವತ್ತೂ ಹೇಳಿದ, ಇವತ್ತೂ ಹೇಳುತ್ತಾನೆ, ತನ್ನ ಸಮಾಧಿಯ ಕಲ್ಲಿನಲ್ಲಿ ಹೆಸರು ಕೆತ್ತಿ ಜಾಗ ಉಳಿದರೆ ಅಲ್ಲಿಯೂ ಇದನ್ನೇ ಬರೆಸಬೇಕೆಂದು ಹೆಂಡತಿಗೆ ಹೇಳಿಟ್ಟಿದ್ದಾನೆ.

ವರ್ನ್ ಟೊಲ್ಲೆಫ್ಸನ್ ಟ್ರಾಕ್ಟರ್ ರಿಪೇರಿ ಮಾಡುವವನು. ವಿಸ್ಕಾನ್ಸಿನ್‌ನ ಟಾಮರಾಕ್ ಕ್ರೀಕ್ ಅನ್ನುವ ಸಣ್ಣ ಊರಿನಲ್ಲಿ ಅವನ ಷೆಡ್ಡು, ಷೆಡ್ಡಿನ ಹಿಂದೆ ಮನೆ, ಮನೆಯ ಹಿಂದೆ ಕುಂಬಳದ ಹೊಲ. ಕೈ ಒಳ್ಳೆಯದು, ಬಾಯಿ ಕೆಟ್ಟದ್ದು. ಬಿಚ್ಚದ ಬೋಲ್ಟಿಗೆ ಅವನು ಬೈಯುವುದನ್ನು ಕೇಳಿ ಬೋಲ್ಟುಗಳೇ ನಾಚಿ ಸಡಿಲಾಗುತ್ತವೆ ಎಂದು ಊರವರು ಹೇಳುತ್ತಾರೆ. ಪ್ರತಿ ವರ್ಷ ನವೆಂಬರ್ ಮೊದಲ ಶನಿವಾರ ಚರ್ಚಿನ ಹಾಲಿನಲ್ಲಿ ಸುಗ್ಗಿಯೂಟ. ಅಲ್ಲಿ ಒಂದೊಂದು ಮೇಜಿನ ನಡುವೆಯೂ ವರ್ನ್ ಬೆಳೆದ ಒಂದೊಂದು ಕುಂಬಳಕಾಯಿ ಮಹಾರಾಜನ ಹಾಗೆ ಕೂತಿರಬೇಕು. ಅವನ ಅಪ್ಪನ ಕಾಲದಿಂದ ನಡೆದು ಬಂದ ಪದ್ಧತಿ ಅದು.

ಒಂದು ವರ್ಷ ಏನಾಯಿತೆಂದರೆ, ಯಾರೋ ಪುಣ್ಯಾತ್ಮರು ಕಾಯಿಗಳನ್ನು ವಾರಕ್ಕೆ ಮುಂಚೆಯೇ ಹಾಲಿಗೆ ಸಾಗಿಸಿ ಹೀಟರಿನ ಪಕ್ಕ ಜೋಡಿಸಿದರು. ಊಟದ ದಿನ ಪಾದ್ರಿಗಳು ಕಣ್ಣು ಮುಚ್ಚಿ ಪ್ರಾರ್ಥನೆ ಹೇಳುತ್ತಿದ್ದಾಗ ಮೊದಲ ಮೇಜಿನ ಕುಂಬಳಕಾಯಿ "ಉಸ್ಸ್" ಎಂದು ಒಂದು ನಿಟ್ಟುಸಿರು ಬಿಟ್ಟಿತು. ಆಮೇಲೆ ನಿಧಾನಕ್ಕೆ, ವಯಸ್ಸಾದವರು ಕುರ್ಚಿಯಲ್ಲಿ ಕೂತ ಹಾಗೆ, ತನ್ನೊಳಗೆ ತಾನೇ ಕೂತಿತು. ಒಳಗಿನ ನೀರೆಲ್ಲ ಮೇಜಿನ ಬಟ್ಟೆಯ ಮೇಲೆ ಹೊಳೆಯಾಗಿ ಹರಿದು ನೇರವಾಗಿ ಎಲ್ವೀರಾಳ ಹೊಸ ಲಂಗದ ಮೇಲೆ ಇಳಿಯಿತು.

ಬೇರೆ ಯಾರ ಲಂಗವಾದರೂ ನಡೆಯುತ್ತಿತ್ತು. ಎಲ್ವೀರಾ ಅಂದರೆ ಊಟದ ಸಮಿತಿಯ ಯಜಮಾನಿ. ಕನ್ನಡಕದ ಮೇಲಿನಿಂದ ಆಕೆ ಒಮ್ಮೆ ನೋಡಿದರೆ ಕುದಿಯುವ ಕಾಫಿಯೂ ಸದ್ದು ನಿಲ್ಲಿಸುತ್ತದೆ! ಆಕೆ ವರ್ನ್‌ಗೆ ಏನೂ ಅನ್ನಲಿಲ್ಲ. ಅವನ ಹೆಂಡತಿ ಡಾರ್ಲೀನ್‌ಳನ್ನು ಬಡಿಸುವ ಕೆಲಸದಿಂದ ತೆಗೆದು ಪಾತ್ರೆ ತೊಳೆಯುವ ಕೆಲಸಕ್ಕೆ ಹಾಕಿದಳು, ಅಷ್ಟೆ. ಅಲ್ಲಿಂದಾಚೆಗೆ ಮದುವೆಯಾಗಲಿ, ಸಾವಾಗಲಿ, ಈಸ್ಟರ್ ತಿಂಡಿಯಾಗಲಿ, ಮಿಕ್ಕ ಹೆಂಗಸರು ಮುಂದೆ ನಗುತ್ತ ಬಡಿಸುತ್ತಿದ್ದರೆ ಡಾರ್ಲೀನ್ ಹಿಂದಿನ ಕೋಣೆಯ ಸಿಂಕಿನಲ್ಲಿ ಮೊಣಕೈವರೆಗೆ ಮುಳುಗಿರುತ್ತಿದ್ದಳು.

ಮರುವರ್ಷ ಎಲ್ವೀರಾ ಅಪ್ಪಣೆ ಹೊರಡಿಸಿದಳು. ನಿಜವಾದ ಕುಂಬಳಕಾಯಿ ಒಳಗೆ ಬರಕೂಡದು. ಬಟ್ಟೆಯದು ಬೇಕು. ಹಳ್ಳಿ ಸೊಗಡಿರಬೇಕು, ಕೊಳೆಯಬಾರದು, ಸೋರಬಾರದು.

"ಹನ್ನೆರಡನ್ನೂ ನಾನೇ ಹೊಲಿದು ಕೊಡ್ತೀನಿ ಅಂತ ಒಪ್ಕೊಂಡು ಬಂದಿದೀನಿ," ಎಂದಳು ಡಾರ್ಲೀನ್. "ಇದೊಂದು ಚೆನ್ನಾಗಾದ್ರೆ ನಾನು ಆ ಸಿಂಕಿಂದ ಈಚೆ ಬರ್ತೀನಿ, ವರ್ನ್. ಕೆಟ್ಟರೆ ನನ್ನ ಹೆಣಾನೂ ಆ ಸಿಂಕಲ್ಲೇ ತೊಳೀತಾರೆ."

"ಬಟ್ಟೆ ಕುಂಬಳಕಾಯಿ!" ವರ್ನ್ ಉರಿದುಬಿದ್ದ. "ತಿನ್ನೋಕಾಗಲ್ಲ, ಬಿತ್ತೋಕಾಗಲ್ಲ, ಹಂದಿಗೆ ಹಾಕಿದ್ರೆ ಹಂದೀನೂ ಮೂಸಲ್ಲ! ನಾಳೆ ಬಟ್ಟೆ ಹ್ಯಾಮು ಹೊಲೀರಿ. ಬಟ್ಟೆ ಪಾದ್ರೀನೂ ಹೊಲೀರಿ!"

ಮಾರನೆಯ ದಿನ ಡಾರ್ಲೀನ್ ಬಟ್ಟೆಯ ಗಂಟು ಹಿಡಿದುಕೊಂಡು ಮನೆಯ ಮೆಟ್ಟಿಲಿಳಿಯುವಾಗ ಒದ್ದೆ ಎಲೆಗಳ ಮೇಲೆ ಕಾಲು ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಉಳುಕಿ ಬ್ರೆಡ್ಡಿನಂತೆ ಉಬ್ಬಿತು. ಆ ಎಲೆಗಳನ್ನು ಗುಡಿಸುತ್ತೇನೆ, ಗುಡಿಸುತ್ತೇನೆ ಎಂದು ತಿಂಗಳಿಂದ ಹೇಳುತ್ತಿದ್ದವನು ಯಾರು ಅನ್ನುವುದನ್ನು ಬೇರೆ ಹೇಳಬೇಕಿಲ್ಲ. ಡಾರ್ಲೀನ್ ಕೂಡ ಹೇಳಲಿಲ್ಲ. ಕಟ್ಟು ಹಾಕಿದ ಕೈಯನ್ನು ಎದೆಗವಚಿಕೊಂಡು ಕಿಟಕಿಯಿಂದ ಆ ಮೆಟ್ಟಿಲನ್ನೇ ನೋಡುತ್ತ ಕೂತಳು. ಬೈದಿದ್ದರೆ ವರ್ನ್ ತಿರುಗಿ ಬೈದು ಹಗುರಾಗುತ್ತಿದ್ದ. ಸುಮ್ಮನಿದ್ದಳಲ್ಲ, ಅದನ್ನು ಅವನಿಗೆ ತಡೆಯಲಾಗಲಿಲ್ಲ.

"ಕೊಡು ಇಲ್ಲಿ ಸೂಜಿ!" ಎಂದ.

"ನಿಂಗಾ?"

"ಇಂಜಿನ್ ಬಿಚ್ಚಿ ನೂರು ತುಂಡು ಮಾಡಿ ಮತ್ತೆ ಕೂಡಿಸೋನಿಗೆ ಬಟ್ಟೆ ಕುಂಬಳಕಾಯಿ ಏನು ಮಹಾ? ಒಂದು ಮಧ್ಯಾಹ್ನದ ಕೆಲಸ! ಫುಟ್‌ಬಾಲ್ ಆಟ ಮುಗಿಯೋದ್ರೊಳಗೆ ಹನ್ನೆರಡೂ ಸಾಲಾಗಿ ನಿಂತಿರುತ್ತೆ ನೋಡು. ಆದ್ರೆ ಒಂದು ಮಾತು. ನಾನು ಹೊಲಿದೆ ಅಂತ ಊರಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗಬಾರದು."

"ನನ್ನ ಬಾಯಿಂದ ಬರಲ್ಲ."

"ಮುಖ್ಯವಾಗಿ ನಿನ್ನ ತಮ್ಮ ಗಾರ್ಡಿಗೆ."

"ಅವನಿಗಂತೂ ಬಿಡು," ಎಂದು ಡಾರ್ಲೀನ್ ಅವತ್ತು ಮೊದಲ ಬಾರಿಗೆ ನಕ್ಕಳು.

ಕೆಲಸ ಕೇಳಲು ಸುಲಭ. ಬಟ್ಟೆಯನ್ನು ದೊಡ್ಡ ವೃತ್ತವಾಗಿ ಕತ್ತರಿಸಬೇಕು. ಅಂಚಿನ ಸುತ್ತ ಉದ್ದುದ್ದ ಹೊಲಿಗೆ ಹಾಕಿ ದಾರ ಜಗ್ಗಿದರೆ ಅದು ನೆರಿಗೆಗಟ್ಟಿ ಚೀಲವಾಗುತ್ತದೆ. ತಳಕ್ಕೆ ಭಾರಕ್ಕೆಂದು ಒಂದಿಷ್ಟು ಕಾಳು, ಮೇಲೆ ದಿಂಬಿನ ಹತ್ತಿ. ಬಾಯಿ ಬಿಗಿದು, ಹುರಿಯಿಂದ ಸುತ್ತ ಕಟ್ಟಿ ಹೋಳು ಹೋಳಾಗಿ ಕಾಣುವಂತೆ ಮಾಡಿ, ನೆತ್ತಿಗೆ ಒಂದು ತೊಟ್ಟು ಅಂಟಿಸಿದರೆ ಮುಗಿಯಿತು.

ವರ್ನ್ ದಾರ ಜಗ್ಗಿದ. ಹುಲ್ಲು ಕತ್ತರಿಸುವ ಯಂತ್ರ ಸ್ಟಾರ್ಟ್ ಮಾಡುವಂತೆ ಜಗ್ಗಿದ. ದಾರ ಕಿತ್ತು ಕೈಗೆ ಬಂತು. "ಇದೊಂದು ದಾರಾನಾ? ಜೇಡನ ಬಲೆ ಇದಕ್ಕಿಂತ ಗಟ್ಟಿ!" ಎಂದು ಎದ್ದುಹೋಗಿ ಮೀನಿನ ಗಾಳದ ದಾರ ತಂದ. ಬೆರಳಲ್ಲಿ ಸೂಜಿ ನಿಲ್ಲಲಿಲ್ಲ. ಇಕ್ಕಳ ತಂದ. ಮೇಜಿನ ಮೇಲೆ ಇಕ್ಕಳ, ಸ್ಪ್ಯಾನರು, ಹುಲ್ಲಿನ ಹೊರೆ ಕಟ್ಟುವ ಹುರಿ, ಅಂಟಿನ ಗನ್ನು ಎಲ್ಲ ಬಂದು ಕೂತವು. ಬಟ್ಟೆ ಕುಂಬಳಕಾಯಿಗೆ ಇಷ್ಟು ಗೌರವದ ಶಸ್ತ್ರಚಿಕಿತ್ಸೆ ಹಿಂದೆಂದೂ ಆಗಿರಲಿಕ್ಕಿಲ್ಲ.

"ಅಗಲ ಎಷ್ಟು ಇಟ್ಕೋಬೇಕು?" ಎಂದು ಅವನು ಕೇಳಿದಾಗ ಡಾರ್ಲೀನ್ ಕೈಗೆ ನೋವಿನ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಕರ್ಪೂರ, ಪುದೀನ ಸೇರಿದ ಆ ಎಣ್ಣೆಯ ಘಾಟಿಗೆ ಮನೆಯ ನೊಣಗಳೆಲ್ಲ ದೇಶಾಂತರ ಹೋಗಿದ್ದವು.

"ನಿನಗೆ ಬೇಕಾದ ಕಾಯಿಗಿಂತ ಮೂರರಷ್ಟು ಅಗಲ. ಜಗ್ಗಿದ್ಮೇಲೆ ಚಿಕ್ಕದಾಗುತ್ತೆ. ಒಂದು ಮಾಡಿ ನೋಡಿ ಆಮೇಲೆ..."

ಕೊನೆಯ ಮಾತು ವರ್ನ್‌ನ ಕಿವಿಗೆ ಬೀಳಲಿಲ್ಲ. ಷೆಡ್ಡಿನಲ್ಲಿ ಅವನ ಕ್ರಮವೇ ಬೇರೆ. ಒಂದಕ್ಕೆ ಅಳತೆ, ಎಲ್ಲಕ್ಕೂ ಒಂದೇ ಏಟಿಗೆ ಕತ್ತರಿ! ಕಾಫಿ ಡಬ್ಬವನ್ನು ಬಟ್ಟೆಯ ಮೇಲೆ ಬೋರಲಿಟ್ಟು, ಸುತ್ತ ಗೆರೆ ಎಳೆದು, ಎಲ್ವೀರಾ ಕೊಟ್ಟಿದ್ದ ಅಷ್ಟೂ ಬಟ್ಟೆಯನ್ನು ಕಚಕಚ ಕತ್ತರಿಸಿಬಿಟ್ಟ. ಹೊಲಿದ, ತುಂಬಿದ, ಜಗ್ಗಿದ.

ಮೇಜಿನ ಮೇಲೆ ಒಂದು ಬೆಳ್ಳುಳ್ಳಿ ಕೂತಿತ್ತು.

ಇನ್ನೊಂದು ಮಾಡಿದ. ಅದೂ ಬೆಳ್ಳುಳ್ಳಿ.

"ಮುದ್ದಾಗಿದೆ," ಎಂದಳು ಡಾರ್ಲೀನ್, ದನಿ ಸಣ್ಣಗೆ ಮಾಡಿಕೊಂಡು. "ಇಲಿಗಳ ಸುಗ್ಗಿಯೂಟಕ್ಕೆ ಸರಿಹೋಗುತ್ತೆ. ಬಿಡು ವರ್ನ್. ಎಲ್ವೀರಾಗೆ ನಾನೇ ಫೋನ್ ಮಾಡ್ತೀನಿ. ಸಿಂಕಿನ ನೀರು ಬೆಚ್ಚಗಾದ್ರೂ ಇರುತ್ತೆ."

ವರ್ನ್‌ಗೆ ತಲೆ ಕೆಟ್ಟುಹೋಯಿತು. ಬಾಗಿಲು ದಢಾರನೆ ಹಾಕಿಕೊಂಡು ಗ್ಯಾರೇಜಿಗೆ ನುಗ್ಗಿದ. ಬಟ್ಟೆ ಬೇಕು! ಪರದೆ, ಕಂಬಳಿ, ಗೋಣಿಚೀಲ, ಏನಾದರೂ ಸರಿ! ಹುಡುಕುತ್ತ ಹುಡುಕುತ್ತ ಅವನ ಕಣ್ಣು ಮೇಲಿನ ಹಲಗೆಯ ಮೇಲಿದ್ದ ದೊಡ್ಡ ಪ್ಲಾಸ್ಟಿಕ್ ಡಬ್ಬದ ಮೇಲೆ ಬಿತ್ತು. ಮುಚ್ಚಳಕ್ಕೆ ಸುತ್ತಲೂ ಟೇಪು ಬಿಗಿದಿತ್ತು.

ಅದು ಗಾರ್ಡಿಯ ಡಬ್ಬ. ಅವನ ಮನೆ ತುಂಬ ನಾಯಿ. ಅಲ್ಲಿ ಯಾವುದೂ ಉಳಿಯುವುದಿಲ್ಲವೆಂದು ಬೇಸಿಗೆಯಲ್ಲೇ ತಂದು ಇಲ್ಲಿಟ್ಟಿದ್ದ. "ವರ್ನ್, ಏನು ಬೇಕಾದ್ರೂ ಮಾಡು, ಈ ಮುಚ್ಚಳ ಮಾತ್ರ ತೆಗೀಬೇಡ," ಎಂದಿದ್ದ. ಯಾಕೆ ಅಂತ ಅವನು ಹೇಳಲಿಲ್ಲ, ಇವನು ಕೇಳಲಿಲ್ಲ. ಗಾರ್ಡಿ ಜಿಂಕೆ ಬೇಟೆಯ ಹುಚ್ಚ. ವರ್ನ್ ಬೇಟೆ ಬಿಟ್ಟು ಬಹಳ ಕಾಲವಾಗಿತ್ತು. ಬೇಟೆಗಾರ ಮರದ ಮೇಲೆ ಉಸಿರು ಬಿಗಿಹಿಡಿದು ಕೂರಬೇಕು. ವರ್ನ್ ಹುಡುಗನಾಗಿದ್ದಾಗ ಮರದ ಮೇಲಿನಿಂದ ಒಂದು ಅಳಿಲಿನ ಜೊತೆ ಜಗಳಕ್ಕೆ ಬಿದ್ದು ಇಡೀ ಕಾಡಿನ ಜಿಂಕೆಗಳನ್ನು ಓಡಿಸಿದ್ದ. ಮತ್ತೆ ಅವನನ್ನು ಯಾರೂ ಕರೆಯಲಿಲ್ಲ.

"ನನ್ನ ಗ್ಯಾರೇಜಲ್ಲಿ ನಾನು ತೆಗೀಬಾರದ ಮುಚ್ಚಳವಾ!" ಎಂದು ವರ್ನ್ ಟೇಪು ಕಿತ್ತ.

ಒಳಗೆ ಸ್ವರ್ಗವಿತ್ತು. ಕೆಂಪು ಕಪ್ಪು ಚೌಕಳಿಯ ದಪ್ಪ ಉಣ್ಣೆಯ ಕೋಟು, ಅದರ ಜೋಡಿ ಪ್ಯಾಂಟು. ಗಾರ್ಡಿಯ ಗಾತ್ರವೇ ಅಂಥದ್ದು, ಆ ಬಟ್ಟೆಯಲ್ಲಿ ಒಂದು ಸಣ್ಣ ಡೇರೆ ಕಟ್ಟಬಹುದಿತ್ತು. ನಡುನಡುವೆ ಪೈನ್ ಮರದ ಕಡ್ಡಿ, ಒಣಗಿದ ಎಲೆ, ಒಂದು ಹಿಡಿ ಕಾಡುಮಣ್ಣು. "ಹುಳ ಹತ್ತದಿರಲಿ ಅಂತ ಹಾಕಿದಾನೆ, ಪೆದ್ದ," ಎಂದುಕೊಂಡ ವರ್ನ್. ಕೋಟು ಹಳೆಯದು, ಮೊಣಕೈ ಸವೆದಿತ್ತು. ಮಣ್ಣು ಮೆತ್ತಿಕೊಂಡಿದೆಯೆಂದರೆ ಎಸೆಯಲು ಇಟ್ಟಿದ್ದೇ ಇರಬೇಕು! ಹೊಸದೊಂದು ತೆಗೆಸಿಕೊಟ್ಟರೆ ಕುಣಿದಾಡುತ್ತಾನೆ. ವರ್ನ್ ಒಮ್ಮೆ ಮೂಸಿಯೂ ನೋಡಿದ. ಡೀಸೆಲ್ ಹೊಗೆ, ವೆಲ್ಡಿಂಗ್ ಹೊಗೆ ಕುಡಿದು ಕುಡಿದು ಅವನ ಮೂಗು ಬರೀ ಅಲಂಕಾರಕ್ಕೆ ಉಳಿದಿತ್ತು. ಏನೂ ತಿಳಿಯಲಿಲ್ಲ.

ಈ ಸಲ ಕಾಫಿ ಡಬ್ಬವಲ್ಲ, ಟ್ರಾಕ್ಟರಿನ ಸೀಟಿಟ್ಟು ಗೆರೆ ಎಳೆದ. ಕೋಟಿನ ಬೆನ್ನಿನಿಂದ ಎರಡು ಬಂದವು, ಪ್ಯಾಂಟಿನಿಂದ ಒಂದು ಸಾಲು, ತೋಳುಗಳನ್ನು ಸೀಳಿ ಜೋಡಿಸಿದ್ದರಿಂದ ಇನ್ನೊಂದಿಷ್ಟು. ಎಲ್ಲಕ್ಕಿಂತ ದೊಡ್ಡದು ಎದೆಯ ಭಾಗದ್ದು. ಅದರಲ್ಲಿ ಜೇಬು ಹಾಗೇ ಉಳಿಯಿತು, ಜೇಬಿನ ಮೇಲೊಂದು ದಂತದ ಬಣ್ಣದ ಗುಂಡಿ. ಭಾರಕ್ಕೆ ಮೆಕ್ಕೆಜೋಳ ತುಂಬಿದ. ಕೊನೆಗೆ ನೆತ್ತಿಯ ಮೇಲೆ ತನ್ನ ಹೊಲದ ಅಸಲಿ ಕುಂಬಳದ ಒಣ ತೊಟ್ಟುಗಳನ್ನು ಅಂಟಿಸಿದ. "ತೊಟ್ಟಾದ್ರೂ ನಿಜವಾದ್ದಿರಲಿ," ಎಂದು ಹಲ್ಲು ಕಚ್ಚಿದ. ಸೇಡು ಅಂದರೆ ಹಾಗಿರಬೇಕು.

ಡಾರ್ಲೀನ್ ಒಂದೊಂದನ್ನೂ ಎಡಗೈಯಲ್ಲಿ ಎತ್ತಿ ತಿರುಗಿಸಿ ನೋಡಿದಳು.

"ವರ್ನ್, ಇದು ಎಲ್ಲಿಯ ಬಟ್ಟೆ?"

"ಗ್ಯಾರೇಜಲ್ಲಿತ್ತು. ಹಳೇದು."

"ಏನೋ ಒಂಥರಾ ವಾಸನೆ ಬರ್ತಿಲ್ವಾ?"

"ನಿನ್ನ ಎಣ್ಣೆದು."

ಅದೂ ನಿಜವಿರಬಹುದೆಂದು ಡಾರ್ಲೀನ್ ಒಪ್ಪಿಕೊಂಡಳು. ಆ ಎಣ್ಣೆ ಹಚ್ಚಿಕೊಂಡವರಿಗೆ ಮನೆಗೆ ಬೆಂಕಿ ಬಿದ್ದರೂ ವಾಸನೆ ಹತ್ತುವುದಿಲ್ಲ.

ಶನಿವಾರ ಬೆಳಗ್ಗೆ ಎಲ್ವೀರಾ ಹನ್ನೆರಡನ್ನೂ ಸಾಲಾಗಿ ನಿಲ್ಲಿಸಿ ಸೇನಾಪತಿಯ ಹಾಗೆ ಪರಿಶೀಲಿಸಿದಳು. ಒಂದನ್ನು ಎತ್ತಿದಳು, ಒತ್ತಿದಳು, ತಲೆಕೆಳಗು ಮಾಡಿ ಅಲ್ಲಾಡಿಸಿದಳು. ಏನೂ ಸೋರಲಿಲ್ಲ. ಮೂಗಿನ ಹತ್ತಿರ ತಂದು ಉಸಿರೆಳೆದಳು.

"ಕಾಡು, ಮಣ್ಣು, ಕೊಟ್ಟಿಗೆ..." ಎಲ್ವೀರಾಳ ಕಣ್ಣು ಅರ್ಧ ಮುಚ್ಚಿತು. "ಇದು, ಇದು ನೋಡು ಡಾರ್ಲೀನ್ ಹಳ್ಳಿ ಸೊಗಡು ಅಂದ್ರೆ! ಪೇಟೆ ಅಂಗಡೀಲಿ ಕೊಂಡರೆ ಈ ಘಮ ಎಲ್ಲಿ ಬರಬೇಕು? ಜೇಬು ಬೇರೆ ಇಟ್ಟಿದೀಯಲ್ಲ! ಎಂಥಾ ತಲೆ ನಿಂದು! ಇವತ್ತು ನೀನು ನನ್ನ ಮೇಜಲ್ಲೇ ಊಟಕ್ಕೆ ಕೂತ್ಕೋಬೇಕು."

ಜೇಬಿನ ಕುಂಬಳಕಾಯಿ ಹಾಲಿನ ಹೊರಗೆ ಮೆಟ್ಟಿಲ ಮೇಲೆ, ಒಣಹುಲ್ಲಿನ ಹೊರೆಯ ಮೇಲೆ ಸ್ವಾಗತಕ್ಕೆ ಕೂತಿತು. ಮಿಕ್ಕವು ಮೇಜುಗಳಿಗೆ ಹೋದವು.

ಸಂಜೆ ಹಾಲಿನಲ್ಲಿ ಜನ ತುಂಬಿದರು. ಹಂದಿಮಾಂಸದ ಹ್ಯಾಮು, ಕಿವುಚಿದ ಆಲೂಗಡ್ಡೆ, ಗ್ರೇವಿ, ಬಿಸಿ ಬನ್ನು. ಮೊದಲ ಮೇಜಿನಲ್ಲಿ ಎಲ್ವೀರಾಳ ಪಕ್ಕ ಡಾರ್ಲೀನ್ ನೀಲಿ ಉಡುಪಿನಲ್ಲಿ ಕೂತಿದ್ದಳು. ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಹೊಗಳಿ ಹೋಗುತ್ತಿದ್ದರು. ಹೊಲಿಗೆ ಎಷ್ಟು ಗಟ್ಟಿ! ನೆರಿಗೆ ಎಷ್ಟು ಒಂದೇ ಸಮ! ಬಾಗಿಲ ಹತ್ತಿರದ ಮೇಜಿನಲ್ಲಿದ್ದ ವರ್ನ್‌ಗೆ ಎದ್ದು ನಿಂತು "ಅದು ನಾನು, ನಾನು ಹೊಲಿದದ್ದು!" ಎಂದು ಕೂಗುವಷ್ಟು ಆಸೆಯಾಯಿತು. ಹೆಂಡತಿಯ ಬಾಯಿ ಕಟ್ಟಿದವನು ತಾನೇ. ಬನ್ನು ತುರುಕಿಕೊಂಡ.

ಪಾದ್ರಿಗಳು ಪ್ರಾರ್ಥನೆ ಶುರು ಮಾಡಿದರು. ಎಲ್ಲರ ತಲೆ ಬಾಗಿತು. ಆಗ ಬಾಗಿಲು ಮೆಲ್ಲನೆ ತೆರೆದು ಗಾರ್ಡಿ ಒಳಗೆ ಬಂದ. ಅವನು ಯಾವಾಗಲೂ ತಡ. ಆದರೆ ಇವತ್ತು ಅವನ ಮುಖ ಸುಣ್ಣವಾಗಿತ್ತು. ಬಂದು ವರ್ನ್‌ನ ಪಕ್ಕ ಕೂತ.

"ವರ್ನ್."

"ಶ್. ಪ್ರಾರ್ಥನೆ."

"ಮೆಟ್ಟಿಲ ಮೇಲೆ ಕೂತಿರೋ ಕುಂಬಳಕಾಯಿಗೆ ನನ್ನ ಜೇಬಿದೆ."

"ಜೇಬೆಲ್ಲಾ ಒಂದೇ ಥರ ಇರುತ್ತೆ ಕಣೋ."

"ಆ ಗುಂಡೀನ ಕೊಂಬಿಂದ ನಾನೇ ಕೆತ್ತಿದ್ದು."

ವರ್ನ್ ತಲೆಯನ್ನು ಇನ್ನಷ್ಟು ಬಗ್ಗಿಸಿದ. ಅಷ್ಟು ಭಕ್ತಿಯಿಂದ ಅವನು ಜನ್ಮದಲ್ಲಿ ಪ್ರಾರ್ಥಿಸಿರಲಿಲ್ಲ. ಗಾರ್ಡಿ ಕಣ್ಣು ಸುತ್ತ ಹಾಯಿಸಿದ.

"ಅದು ನನ್ನ ತೋಳು. ಅಲ್ಲಿರೋದು ನನ್ನ ಬೆನ್ನು. ವರ್ನ್... ಪಾದ್ರಿ ಮುಂದೆ ಇರೋದು ನನ್ನ ಪ್ಯಾಂಟಿನ ಸೀಟು!"

"ಹಳೇದಾಗಿತ್ತಲ್ಲೋ! ಹೊಸಾದು ಕೊಡಿಸ್ತೀನಿ."

"ಹಳೇದಾ? ಮದುವೆ ಆದಾಗಿಂದ ಆ ಕೋಟನ್ನ ತೊಳೆದಿಲ್ಲ! ಮನುಷ್ಯನ ವಾಸನೆ ಹೋಗಿ ಕಾಡಿನ ವಾಸನೆ ಹತ್ತಲಿ ಅಂತ ಎಷ್ಟು ಚಳಿಗಾಲ ಕಾದಿದೀನಿ! ಉಪ್ಪಿನಕಾಯಿ ಹಾಕಿದಂಗೆ ಹಾಕಿಟ್ಟಿದ್ದೆ! ಬಂದೂಕಿನ ಬೇಟೆ ಶುರುವಾಗೋಕೆ ಇನ್ನೇನು ಬಂತು... ಅದಕ್ಕೆ ಏನು ಸಿಂಪಡಿಸಿದೀನಿ ಗೊತ್ತಾ ನಿಂಗೆ?"

"ಏನು?"

ಗಾರ್ಡಿ ಅವನ ಕಿವಿಯ ಹತ್ತಿರ ಬಂದು ಹೇಳಿದ. ಬೇಟೆಗಾರರ ಅಂಗಡಿಯಲ್ಲಿ ಅದು ಸಣ್ಣ ಬಾಟಲಿಯಲ್ಲಿ ಸಿಗುತ್ತದೆ. ಬೆದೆಗೆ ಬಂದ ಹೆಣ್ಣು ಜಿಂಕೆಯ ಮೂತ್ರ. ಎರಡು ಹನಿ ಸಾಕು. ಗಾರ್ಡಿ ಇಡೀ ಬಾಟಲಿ ಸುರಿದಿದ್ದ.

ವರ್ನ್ ನಿಧಾನವಾಗಿ ತಲೆ ಎತ್ತಿದ. ಮೊದಲ ಮೇಜಿನಲ್ಲಿ ಪ್ರಾರ್ಥನೆಯ ನಡುವೆ ಎಲ್ವೀರಾ ಕಣ್ಣು ಮುಚ್ಚಿಕೊಂಡೇ ಕುಂಬಳಕಾಯಿಯ ಬೆನ್ನನ್ನು ಬೆಕ್ಕಿನ ಬೆನ್ನು ಸವರುವಂತೆ ಸವರುತ್ತಿದ್ದಳು. "ಆಮೆನ್" ಎಂದು ಹೇಳಿ ಅದೇ ಕೈಯಲ್ಲಿ ಬನ್ನು ಮುರಿದಳು. ಅರ್ಧವನ್ನು ಪ್ರೀತಿಯಿಂದ ಡಾರ್ಲೀನ್ ತಟ್ಟೆಗಿಟ್ಟಳು.

ವರ್ನ್‌ಗೆ ಹೋದ ವರ್ಷದ ಲಂಗದ ಮೇಲಿನ ನೀರು ಈಗ ಗಂಗಾಜಲದಂತೆ ಕಂಡಿತು.

"ಈಗಲೇ ಎದ್ದು ಹೇಳ್ತೀನಿ," ಎಂದ ಗಾರ್ಡಿ.

"ಹೇಳಿದ್ರೆ ನಿನ್ನ ಅಕ್ಕ ಸಾಯೋವರೆಗೂ ಪಾತ್ರೆ ತೊಳೀತಾಳೆ! ನೋಡು ಅವಳ ಮುಖ. ನೋಡೋ!"

ಗಾರ್ಡಿ ನೋಡಿದ. ಡಾರ್ಲೀನ್ ಏನೋ ಹೇಳಿ ನಗುತ್ತಿದ್ದಳು, ಪಕ್ಕದಲ್ಲಿ ಎಲ್ವೀರಾ ಕೂಡ ನಗುತ್ತಿದ್ದಳು. ಅವನ ಭುಜ ಸ್ವಲ್ಪ ಇಳಿಯಿತು.

"ಬಾಯಿ ಮುಚ್ಕೊಂಡಿದ್ರೆ ಏನು ಕೊಡ್ತೀಯ?"

"ಏನು ಬೇಕಾದ್ರೂ ಕೇಳು. ಕೊಡ್ತೀನಿ. ದೇವರ ಮನೇಲಿ ಕೂತು ಹೇಳ್ತಿದೀನಿ."

"ಏನು ಬೇಕಾದ್ರೂ?"

"ಏನು ಬೇಕಾದ್ರೂ!"

"ಯೋಚನೆ ಮಾಡಿ ಕೇಳ್ತೀನಿ," ಎಂದು ಗಾರ್ಡಿ ಆಲೂಗಡ್ಡೆ ಬಡಿಸಿಕೊಂಡ.

ಊಟದ ಕೊನೆಗೆ ಸಿಹಿ ಪೈ ಬರುವ ಹೊತ್ತಿಗೆ ವಂದನೆ ಹೇಳಲು ಎದ್ದ ಪಾದ್ರಿಗಳು ಮಾತಿನ ಮಧ್ಯೆ ನಿಂತುಬಿಟ್ಟರು. ಬಾಯಿ ತೆರೆದೇ ಇತ್ತು. ಕಣ್ಣು ಗಾಜಿನ ಬಾಗಿಲ ಕಡೆ ನೆಟ್ಟಿತ್ತು. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು.

ಮೆಟ್ಟಿಲ ಮೇಲೆ, ದೀಪದ ಬೆಳಕಿನಲ್ಲಿ, ಒಂದು ಗಂಡು ಜಿಂಕೆ ನಿಂತಿತ್ತು. ಕತ್ತು ಗೂಳಿಯಂತೆ ದಪ್ಪ. ತಲೆಯ ಮೇಲೆ ಹತ್ತು ಕವಲಿನ ಕೊಂಬು, ಎಲೆ ಉದುರಿದ ಮರವನ್ನು ಹೊತ್ತು ತಂದಂತೆ. ಅದು ಅವಸರ ಮಾಡಲಿಲ್ಲ. ಕುಂಬಳಕಾಯಿಯ ಹತ್ತಿರ ಮೂತಿ ತಂದು ಮೂಸಿತು. ಮೇಲ್ತುಟಿ ಎತ್ತಿ, ಆಕಾಶ ನೋಡಿ, ಕಣ್ಣು ಮುಚ್ಚಿತು. ಮತ್ತೆ ಮೂಸಿತು. ಕೆನ್ನೆಯನ್ನು ಅದರ ಕೆನ್ನೆಗೆ ಒತ್ತಿ ಉಜ್ಜಿತು.

ಗಾರ್ಡಿಯ ಫೋರ್ಕು ಗ್ರೇವಿಯಲ್ಲಿ ಬಿದ್ದಿತ್ತು. "ಇಷ್ಟು ದೊಡ್ಡದು," ಎಂದು ಅವನು ಉಸಿರಿನಲ್ಲೇ ಹೇಳಿದ, "ಜೀವಮಾನದಲ್ಲಿ ನೋಡಿಲ್ಲ ವರ್ನ್. ಚಳೀಲಿ, ಹಿಮದಲ್ಲಿ, ಮರದ ಮೇಲೆ ಕೂತು ಕೂತು... ಇಲ್ಲಿ ನೋಡಿದ್ರೆ ಮೆಟ್ಟಿಲ ಮೇಲೆ ಬಂದು ನನ್ನ ಕೋಟಿಗೆ ಮುತ್ತು ಕೊಡ್ತಿದೆ!"

ಉಜ್ಜುವಾಗ ಕೊಂಬಿನ ಒಂದು ಕವಲು ಹುರಿಗೆ ಸಿಕ್ಕಿಕೊಂಡಿತು. ಜಿಂಕೆ ತಲೆ ಎತ್ತಿತು. ಕುಂಬಳಕಾಯಿಯೂ ಎದ್ದಿತು. ಕೊಡವಿತು. ಮೀನಿನ ಗಾಳದ ದಾರ, ಹುಲ್ಲಿನ ಹೊರೆಯ ಹುರಿ, ವರ್ನ್‌ನ ಗಂಟು! ಬಿಡುವುದುಂಟೆ? ಜಿಂಕೆ ಒಳಗಿದ್ದವರನ್ನೆಲ್ಲ ಗಾಜಿನಾಚೆಯಿಂದ ಒಮ್ಮೆ ಗಂಭೀರವಾಗಿ ನೋಡಿ, ಕೆಂಪು ಕಪ್ಪು ಕಿರೀಟ ಹೊತ್ತ ರಾಜನಂತೆ ಮೆಟ್ಟಿಲಿಳಿದು, ಸಮಾಧಿಗಳ ನಡುವೆ ಹಾದು ಕತ್ತಲಿಗೆ ಹೋಯಿತು.

ಎಲ್ವೀರಾ ಕನ್ನಡಕ ಸರಿಮಾಡಿಕೊಂಡಳು. "ಡಾರ್ಲೀನ್, ಅದ್ರೊಳಗೆ ಏನು ಹಾಕಿದ್ದೆ?"

ಹೊಗಳಿಕೆ ಎಲ್ಲ ತನ್ನದಲ್ಲವೆಂದು ಡಾರ್ಲೀನ್‌ಗೆ ಸಂಜೆಯಿಂದಲೂ ಒಳಗೊಳಗೇ ಚುಚ್ಚುತ್ತಿತ್ತು. ಎದ್ದು ನಿಂತಳು. "ನಾನಲ್ಲ ಎಲ್ವೀರಾ," ಎಂದಳು, ಇಡೀ ಹಾಲಿಗೆ ಕೇಳುವಂತೆ. "ನನ್ನ ಕೈ ಉಳುಕಿತ್ತು. ಹನ್ನೆರಡನ್ನೂ ಹೊಲಿದದ್ದು ನನ್ನ ಗಂಡ. ಒಂದೊಂದು ಹೊಲಿಗೇನೂ ಅವನದೇ! ಏಳು ವರ್ನ್, ನಾಚ್ಕೋಬೇಡ."

ಹಾಲಿಗೆ ಹಾಲೇ ಅವನ ಕಡೆ ತಿರುಗಿತು. ಅವನಿಂದ ಟ್ರಾಕ್ಟರ್ ರಿಪೇರಿ ಮಾಡಿಸಿಕೊಂಡಿದ್ದ, ಅವನಿಂದ ಬೈಸಿಕೊಂಡಿದ್ದ ಗಂಡಸರೆಲ್ಲ ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದರು. ವರ್ನ್ ಎದ್ದ. ಕೋಟಿನ ಕೆಂಪು ಚೌಕಗಳಷ್ಟೇ ಕೆಂಪಾಗಿದ್ದ.

"ಮೆಕ್ಕೆಜೋಳ," ಎಂದ. "ತಳಕ್ಕೆ ಮೆಕ್ಕೆಜೋಳ ಹಾಕಿದ್ದೆ."

ಸುಳ್ಳಲ್ಲ! ಗಾರ್ಡಿಗೆ ನೆತ್ತಿಗೇರಿ ಕೆಮ್ಮು ಬಂತು. ವರ್ನ್ ಅವನ ಬೆನ್ನಿಗೆ ಬೇಕಾದದ್ದಕ್ಕಿಂತ ಜೋರಾಗಿ ಗುದ್ದಿದ.

"ಅದೇ ಮತ್ತೆ! ಜೋಳ ಕಂಡ್ರೆ ಜಿಂಕೆ ಬಿಡುತ್ತಾ?" ಎಂದಳು ಎಲ್ವೀರಾ. "ಡಾರ್ಲೀನ್, ಮುಂದಿನ ವರ್ಷದಿಂದ ಬಡಿಸೋ ಹೊಣೆ ಪೂರ್ತಿ ನಿಂದು. ವರ್ನ್, ನೀನು ಮಂಗಳವಾರ ಮಂಗಳವಾರ ನಮ್ಮ ಹೊಲಿಗೆ ಸಂಘಕ್ಕೆ ಬರ್ತೀಯ."

"ನಾನು..."

ಎಲ್ವೀರಾ ಕನ್ನಡಕದ ಮೇಲಿನಿಂದ ನೋಡಿದಳು.

"ಬರ್ತೀನಿ," ಎಂದ ವರ್ನ್.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಉಳಿದ ಕುಂಬಳಕಾಯಿಗಳನ್ನು ಎಲ್ವೀರಾ ನೆನಪಿಗೆಂದು ಹಂಚಿಬಿಟ್ಟಳು. ಹೆಂಗಸರು ತಂತಮ್ಮ ಮನೆಯ ಜಗುಲಿಯಲ್ಲಿ ಇಟ್ಟರು. ಆ ವಾರವೆಲ್ಲ ಟಾಮರಾಕ್ ಕ್ರೀಕಿನ ಗಂಡು ಜಿಂಕೆಗಳು ಹೆಣ್ಣು ನೋಡಲು ಬಂದ ವರಗಳ ಹಾಗೆ ಮನೆ ಮನೆಯ ಮೆಟ್ಟಿಲು ಹತ್ತಿದವು. ಪಾದ್ರಿಗಳ ಮನೆಯ ಮುಂದೆ ಎರಡು ಜಿಂಕೆಗಳು ಗಾರ್ಡಿಯ ಪ್ಯಾಂಟಿನ ಸೀಟಿಗಾಗಿ ಕೊಂಬು ಕೊಂಬು ಹತ್ತಿಸಿ ಕಾದಾಡಿದವು. "ವರ್ನ್‌ನ ಜೋಳ ಬಲು ರುಚಿ ಇರಬೇಕು," ಎಂದು ಊರೆಲ್ಲ ಮಾತು. ಬಂದೂಕಿಗೆ ಇನ್ನೂ ಅನುಮತಿಯಿಲ್ಲದ ದಿನಗಳಾದ್ದರಿಂದ ಗಾರ್ಡಿ ಒಬ್ಬನೇ ಬಿಲ್ಲು ಹಿಡಿದು ಕಾಡಿನಲ್ಲಿ ಮರದ ಮೇಲೆ ಕೂತಿದ್ದ. ಕಾಡಿನಲ್ಲಿ ಜಿಂಕೆ ಬಿಟ್ಟು ಮಿಕ್ಕೆಲ್ಲ ಇತ್ತು.

ಬಂದೂಕಿನ ಬೇಟೆ ಶುರುವಾದ ಬೆಳಗ್ಗೆ ಮಾತ್ರ ಆ ಹತ್ತು ಕವಲಿನ ಜಿಂಕೆ ಬಂತು. ಮೊದಲ ಬೆಳಕಿನಲ್ಲಿ, ಹಿಮದ ಮೇಲೆ, ಗಾರ್ಡಿಯ ಮರದ ನೇರ ಕೆಳಗೆ ಬಂದು ನಿಂತಿತು. ಕೊಂಬಿನಲ್ಲಿ ಕುಂಬಳಕಾಯಿ ಇನ್ನೂ ತೂಗುತ್ತಿತ್ತು. ಗಾರ್ಡಿ ಬಂದೂಕು ಎತ್ತಿದ, ಗುರಿ ಹಿಡಿದ. ಗುರಿಯಲ್ಲಿ ಅವನಿಗೆ ಕಂಡದ್ದು ತಾನು ಕೆತ್ತಿದ ಗುಂಡಿ. ಬಂದೂಕು ಇಳಿಸಿದ.

"ಯಾಕೋ ಹೊಡೀಲಿಲ್ಲ?" ಎಂದು ವರ್ನ್ ಕೇಳಿದ.

"ನನ್ನ ಎದೆಗೆ ನಾನೇ ಗುಂಡು ಹೊಡ್ಕೊಂಡಂಗೆ ಅನ್ನಿಸ್ತು," ಎಂದ ಗಾರ್ಡಿ.

ಋಣ ಇಟ್ಟುಕೊಂಡು ತಿರುಗುವ ಮನುಷ್ಯನಲ್ಲ ವರ್ನ್. ಅವನಿಗೆ ಅನ್ನ ಇಳಿಯುವುದಿಲ್ಲ. ಹೊಸ ಕೋಟು ತಂದು ಮುಂದಿಟ್ಟ. ಗಾರ್ಡಿ ಮೂಸಿ ನೋಡಿ, "ಅಂಗಡಿ ವಾಸನೆ," ಎಂದು ವಾಪಸು ಕೊಟ್ಟ. ಸೌದೆ ಸೀಳುವ ಯಂತ್ರ ತಗೊಂಡು ಹೋಗು ಎಂದ ವರ್ನ್. ಬೇಡ. ನಿನ್ನ ಟ್ರಕ್ಕಿನ ಇಂಜಿನ್ ಪೂರ್ತಿ ಹೊಸದಾಗಿ ಮಾಡಿಕೊಡುತ್ತೇನೆ ಎಂದ. ಬೇಡ. "ಹಾಗಾದ್ರೆ ಏನು ಬೇಕು ಬೊಗಳೋ!" ಎಂದು ಕಿರುಚಿದ. "ಯೋಚನೆ ಮಾಡ್ತಿದೀನಿ," ಎಂದ ಗಾರ್ಡಿ, ಬಲು ಸಮಾಧಾನವಾಗಿ.

ಹಿಮ ಕರಗುವ ಹೊತ್ತಿಗೆ ವರ್ನ್ ಬೀಜ ಹಾಕಲು ಹೊಲ ಅಗೆಯುತ್ತಿದ್ದಾಗ ಕಾಲಿಗೆ ಏನೋ ತಾಗಿತು. ವರ್ಷಕ್ಕೊಮ್ಮೆ ಗಂಡು ಜಿಂಕೆ ಉದುರಿಸುವ ಕೊಂಬು, ಅದಕ್ಕೆ ಅಂಟಿಕೊಂಡ ಕುಂಬಳಕಾಯಿ. ಮಳೆ ಗಾಳಿಗೆ ಬಣ್ಣ ಮಾಸಿತ್ತು, ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಅದನ್ನೇ ಎತ್ತಿಕೊಂಡು ಗಾರ್ಡಿಯ ಮನೆಗೆ ಓಡಿದ. "ತಗೋ ನಿನ್ನ ಕೋಟು! ಕೊಂಬೂ ಜೊತೆಗೆ! ಲೆಕ್ಕ ಚುಕ್ತಾ!"

ಗಾರ್ಡಿ ಜೇಬಿನೊಳಗೆ ಕೈ ಹಾಕಿ ನೋಡಿದ. ಆಮೇಲೆ ಕೈ ತೆಗೆದು, ಗುಂಡಿ ಹಾಕಿ, ವರ್ನ್‌ನ ಕೈಗೇ ವಾಪಸಿಟ್ಟ. "ಚರ್ಚಿಗೆ ಕೊಡು. ನನ್ನ ಬಾಕಿ ಬೇರೆ."

ಈಗ ಸುಗ್ಗಿಯೂಟದಲ್ಲಿ ಮೊದಲ ಮೇಜಿನ ನಡುವೆ, ವರ್ನ್‌ನ ಅಪ್ಪನ ಕುಂಬಳಕಾಯಿ ಕೂರುತ್ತಿದ್ದ ಜಾಗದಲ್ಲೇ, ಅದು ಕೊಂಬಿನ ಸಮೇತ ಕೂತಿರುತ್ತದೆ. ಡಾರ್ಲೀನ್ ಎಲ್ಲರಿಗೂ ನಗುತ್ತ ಬಡಿಸುತ್ತಾಳೆ. ಮಂಗಳವಾರ ತಪ್ಪದೆ ಹೊಲಿಗೆ ಸಂಘಕ್ಕೆ ಹೋಗುವ ವರ್ನ್ ಎಲ್ವೀರಾಳ ಎದುರು ಕೂರುತ್ತಾನೆ, ಅವನ ಪಕ್ಕ ತಡವಾಗಿ ಬಂದ ಗಾರ್ಡಿ. ಪಾದ್ರಿಗಳು ಕಣ್ಣು ಮುಚ್ಚುತ್ತಾರೆ. ಎಲ್ಲರ ತಲೆ ಬಾಗುತ್ತದೆ. ಆಗ ಪ್ರತಿ ವರ್ಷವೂ ವರ್ನ್‌ನ ಕಿವಿಯ ಹತ್ತಿರ ಒಂದು ಉಸಿರು ಸುಳಿಯುತ್ತದೆ.

"ವರ್ನ್."

"ಏನು ಬೇಕು ಹೇಳಿಬಿಡೋ ಮಾರಾಯ!"

"ಶ್," ಎನ್ನುತ್ತಾನೆ ಗಾರ್ಡಿ. "ಪ್ರಾರ್ಥನೆ."